ಕ್ಯಾನ್ಸರ್ ತರುವ ಜೀನ್ ಯಾವುದೆಂದು ಹೇಗೆ ಹುಡುಕುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆದಾಗ ಎರಡು ವರ್ಷ ಅವಳ ಜೊತೆ ಮಣಿಪಾಲಕ್ಕೆ ಓಡಾಡಿದೆ. ಆವತ್ತಿನಿಂದ ನೆಂಟರು, ಅಕ್ಕಪಕ್ಕದವರು, ಹಳೆ ವಿದ್ಯಾರ್ಥಿಗಳು ನನ್ನ ಹತ್ತಿರ ಕ್ಯಾನ್ಸರ್ ಬಗ್ಗೆ ಕೇಳುತ್ತಲೇ ಇದ್ದಾರೆ. ಯಾವ ಔಷಧ ತೆಗೆದುಕೊಳ್ಳಬೇಕು ಅನ್ನುವುದನ್ನು ವೈದ್ಯರೇ ಹೇಳಬೇಕು. ಆದರೆ "ಇದು ಜೀನ್‌ನಿಂದ ಬಂದಿದ್ದು ಅಂತ ಅವರಿಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದರೆ ಕೂತು ಹೇಳುತ್ತೇನೆ. ಕಾರವಾರದಿಂದ ಶಿರಸಿಯವರೆಗೆ ನಮ್ಮ ಕಡೆಯವರು ಜಾಸ್ತಿ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಕ್ಯಾನ್ಸರ್ ಜೀನ್ ಕೆಲವರ ಮೈಯಲ್ಲಿ ಮಾತ್ರ ಇರುತ್ತದಾ?

ಇಲ್ಲ. ಎಲ್ಲರ ಮೈಯಲ್ಲೂ ಇರುತ್ತದೆ, ಅದೂ ಒಳ್ಳೆಯ ಕೆಲಸಕ್ಕಾಗಿಯೇ. ಜೀವಕೋಶ ಯಾವಾಗ ಒಡೆದು ಎರಡಾಗಬೇಕು, ಯಾವಾಗ ಸುಮ್ಮನಿರಬೇಕು, ಕೆಟ್ಟುಹೋದರೆ ಯಾವಾಗ ಸಾಯಬೇಕು ಅಂತ ನೋಡಿಕೊಳ್ಳುವ ಜೀನ್‌ಗಳು ಅವು. ಜೀನ್ ಅಂದರೆ ಜೀವಕೋಶದೊಳಗಿನ ಡಿಎನ್‌ಎ ಅನ್ನುವ ಉದ್ದನೆಯ ಎಳೆಯಲ್ಲಿ ಅಕ್ಷರಗಳ ಹಾಗೆ ಬರೆದಿರುವ ಒಂದು ಸೂಚನೆ. ಆ ಬರಹದಲ್ಲಿ ಅಕ್ಷರ ತಪ್ಪಿದಾಗ ತೊಂದರೆ ಶುರುವಾಗುತ್ತದೆ.

ಈ ಮಾತು ಗಟ್ಟಿಯಾಗಿದ್ದು ಕೋಳಿಯಿಂದ. 1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಕೋಳಿಯ ಮೈಮೇಲಿನ ಗಡ್ಡೆಯನ್ನು ಅರೆದರು. ಜೀವಕೋಶವಾಗಲಿ ಬ್ಯಾಕ್ಟೀರಿಯಾವಾಗಲಿ ದಾಟದಷ್ಟು ಸಣ್ಣ ಶೋಧಕದಲ್ಲಿ ಸೋಸಿದರು. ಉಳಿದ ನೀರನ್ನು ಬೇರೆ ಕೋಳಿಗೆ ಚುಚ್ಚಿದರು. ಅದಕ್ಕೂ ಗಡ್ಡೆ ಬಂತು. ಕಾರಣ ಒಂದು ವೈರಸ್. ಆಗ ಹೆಚ್ಚಿನವರು ನಂಬಲಿಲ್ಲ. ರೌಸ್‌ಗೆ ನೊಬೆಲ್ ಬಂದಿದ್ದು 1966ರಲ್ಲಿ, 87ನೇ ವಯಸ್ಸಿಗೆ.

ಆ ವೈರಸ್ಸಿನಲ್ಲಿ ಗಡ್ಡೆ ಮಾಡುವ ಜೀನ್ ಒಂದೇ, ಹೆಸರು 'ಸಾರ್ಕ್'. ಅದು ವೈರಸ್ಸಿಗೆ ಎಲ್ಲಿಂದ ಬಂತು? 1976ರಲ್ಲಿ ಮೈಕಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಜೊತೆಯವರು ಆರೋಗ್ಯವಂತ ಕೋಳಿಯ ಜೀವಕೋಶದಲ್ಲೇ ಅದು ಇರುವುದನ್ನು ತೋರಿಸಿದರು. ವೈರಸ್ ಯಾವತ್ತೋ ಕೋಳಿಯಿಂದಲೇ ಅದನ್ನು ಎತ್ತಿಕೊಂಡು ಹೋಗಿತ್ತು. ಆಮೇಲೆ ನೋಡಿದರೆ ಮನುಷ್ಯರಲ್ಲೂ ಇದೆ. ಕ್ಯಾನ್ಸರ್‌ನ ಬೀಜ ನಮ್ಮದೇ ಜೀನ್‌ಗಳಲ್ಲಿದೆ ಅನ್ನುವುದು ಹೀಗೆ ಗೊತ್ತಾಯಿತು. ಇಬ್ಬರಿಗೂ 1989ರಲ್ಲಿ ನೊಬೆಲ್ ಸಿಕ್ಕಿತು.

ಒಂದೇ ಮನೆತನದಲ್ಲಿ ನಾಲ್ಕೈದು ಜನರಿಗೆ ಬಂದರೆ ಅದರಿಂದ ಜೀನ್ ಹೇಗೆ ಸಿಗುತ್ತದೆ?

ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಅನ್ನುವ ವೈದ್ಯರಿಗೆ ಅವರ ಮನೆಯ ಬಟ್ಟೆ ಹೊಲಿಯುತ್ತಿದ್ದ ಹೆಂಗಸು, "ನಾನು ಬೇಗ ಸಾಯುತ್ತೇನೆ, ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ ಹೋದರು" ಅನ್ನುವ ಅರ್ಥದ ಮಾತು ಹೇಳಿದಳು. ಕರುಳಿನ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್ ಆ ಮನೆಯಲ್ಲಿ ಸಾಮಾನ್ಯವಾಗಿತ್ತು. ಮುಂದೆ ಅವಳೂ ಗರ್ಭಕೋಶದ ಕ್ಯಾನ್ಸರ್‌ನಿಂದಲೇ ಚಿಕ್ಕ ವಯಸ್ಸಿನಲ್ಲಿ ತೀರಿಹೋದಳು. ವಾರ್ಥಿನ್ ಅವಳ ಮಾತನ್ನು ತಳ್ಳಿಹಾಕದೆ ಆ ಮನೆತನದ ವಂಶವೃಕ್ಷ ಬರೆಯುತ್ತಾ ಹೋದರು. ಅವರ ನಂತರ ಬೇರೆಯವರು ಮುಂದುವರಿಸಿದರು. ಸುಮಾರು ನೂರು ವರ್ಷ ಕಳೆದ ಮೇಲೆ ಆ ಮನೆತನದಲ್ಲಿ ಕೆಟ್ಟಿದ್ದ ಜೀನ್ ಸಿಕ್ಕಿತು. ಹೆಸರು ಎಂಎಸ್‌ಎಚ್-2. ಡಿಎನ್‌ಎ ನಕಲಾಗುವಾಗ ಬೀಳುವ ತಪ್ಪುಗಳನ್ನು ತಿದ್ದುವುದು ಅದರ ಕೆಲಸ.

ಸ್ತನ ಕ್ಯಾನ್ಸರ್‌ನ ಜೀನ್ ಸಿಕ್ಕಿದ್ದೂ ಮನೆತನಗಳಿಂದ. ಇಷ್ಟು ಸಾಮಾನ್ಯವಾದ ಕಾಯಿಲೆಗೆ ಒಂದೇ ಜೀನ್ ಕಾರಣವಾಗುವ ಮನೆತನಗಳು ಇರಲು ಸಾಧ್ಯವಿಲ್ಲ ಅಂತ ಬಹಳ ವಿಜ್ಞಾನಿಗಳು ಅಂದುಕೊಂಡಿದ್ದರು. ಮೇರಿ-ಕ್ಲೇರ್ ಕಿಂಗ್ ಬಿಡಲಿಲ್ಲ. ಅವರು 23 ಮನೆತನಗಳನ್ನು ಹಿಡಿದುಕೊಂಡರು. ಜೀವಕೋಶದಲ್ಲಿ ಡಿಎನ್‌ಎ ಸುತ್ತಿಟ್ಟಿರುವ ಕಟ್ಟುಗಳಿಗೆ ವರ್ಣತಂತು ಅನ್ನುತ್ತಾರೆ. ಅವುಗಳ ಮೇಲೆ ಅಲ್ಲಲ್ಲಿ ಗುರುತುಗಳಿರುತ್ತವೆ, ಒಬ್ಬೊಬ್ಬರಲ್ಲಿ ಒಂದೊಂದು ಥರ. ಕಾಯಿಲೆ ಬಂದ ಅಜ್ಜಿ, ಮಗಳು, ಮೊಮ್ಮಗಳು ಮೂವರಲ್ಲೂ ಒಂದೇ ಗುರುತು ಇದ್ದು, ಕಾಯಿಲೆ ಬರದ ಅಕ್ಕತಂಗಿಯರಲ್ಲಿ ಅದು ಇಲ್ಲದಿದ್ದರೆ, ಕೆಟ್ಟ ಜೀನ್ ಆ ಗುರುತಿನ ಆಸುಪಾಸಿನಲ್ಲೇ ಇರಬೇಕು. ಎಲ್ಲಾ ಮನೆತನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಏನೂ ಕಾಣಲಿಲ್ಲ. ಚಿಕ್ಕ ವಯಸ್ಸಿಗೇ ಕಾಯಿಲೆ ಬಂದ ಮನೆತನಗಳನ್ನು ಮುಂದಿಟ್ಟು ಜೋಡಿಸಿದಾಗ 17ನೇ ವರ್ಣತಂತುವಿನ ಒಂದು ಜಾಗ ಎದ್ದು ಕಂಡಿತು. ಅದು 1990. ಆ ಜಾಗದೊಳಗೆ ಹುಡುಕಿ ಬಿಆರ್‌ಸಿಎ-1 ಜೀನನ್ನು ಬೇರೆ ತಂಡದವರು 1994ರಲ್ಲಿ ಹೊರತೆಗೆದರು.

ವಿಳಾಸ ಗೊತ್ತಾದ ಮೇಲೂ ಮನೆ ಸಿಗಲು ನಾಲ್ಕು ವರ್ಷ ಹಿಡಿಯಿತು.

ಅಪ್ಪನಿಗೋ ಅಮ್ಮನಿಗೋ ಇದ್ದ ದೋಷ ಮಗುವಿಗೂ ಬಂದರೆ ಕ್ಯಾನ್ಸರ್ ಗ್ಯಾರಂಟಿನಾ?

ಅಲ್ಲ. ಯಾಕೆ ಅಂತ ಹೇಳಲು ನನಗೆ ಕಾರವಾರದ ಬೈತಖೋಲದ ದೋಣಿಗಳೇ ನೆನಪಾಗುತ್ತವೆ. ಮಳೆಗಾಲದಲ್ಲಿ ದೋಣಿಯನ್ನು ಎರಡು ಹಗ್ಗದಿಂದ ಕಟ್ಟಿದ್ದಾರೆ ಅಂದುಕೊಳ್ಳಿ. ಒಂದು ಹಗ್ಗ ಕಡಿದುಹೋದರೂ ದೋಣಿ ನಿಲ್ಲುತ್ತದೆ. ಎರಡೂ ಕಡಿದರೆ ತೇಲಿಹೋಗುತ್ತದೆ. ಜೀವಕೋಶದ ಬೆಳವಣಿಗೆಯನ್ನು ಹಿಡಿದಿಡುವ ಜೀನ್‌ಗಳೂ ಎರಡೆರಡು ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಕೆಲವು ಮಕ್ಕಳು ಹುಟ್ಟುವಾಗಲೇ ಒಂದು ಹಗ್ಗ ಕಡಿದಿರುತ್ತದೆ. ಎರಡನೆಯದು ಗಟ್ಟಿ ಇರುವ ತನಕ ತೊಂದರೆಯಿಲ್ಲ. ಆದರೆ ಅಪಾಯ ಜಾಸ್ತಿ.

ಅಮೆರಿಕದ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಬರೀ ಪೆನ್ನು ಕಾಗದ ಹಿಡಿದು ಇದನ್ನು ಲೆಕ್ಕ ಹಾಕಿ ತೋರಿಸಿದರು. ಮಕ್ಕಳ ಕಣ್ಣಿನ ಕ್ಯಾನ್ಸರ್ ಆದ 48 ಮಕ್ಕಳ ವಿವರ ಅವರ ಹತ್ತಿರ ಇತ್ತು. ಎರಡೂ ಕಣ್ಣಿಗೆ ಬಂದ ಮಕ್ಕಳಿಗೆ ಕಾಯಿಲೆ ಬೇಗ ಬಂದಿತ್ತು, ಒಂದೇ ಕಣ್ಣಿಗೆ ಬಂದವರಲ್ಲಿ ಹೆಚ್ಚಿನವರಿಗೆ ತಡವಾಗಿ. ಮೊದಲನೆಯವರಿಗೆ ಇನ್ನೊಂದೇ ಪೆಟ್ಟು ಸಾಕು, ಎರಡನೆಯವರಿಗೆ ಎರಡು ಪೆಟ್ಟು ಬೇಕು ಅಂತ ಅವರು ಹೇಳಿದರು. ಆ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ, 13ನೇ ವರ್ಣತಂತುವಿನಲ್ಲಿ. ಜೀನ್ ಕಾಣುವ 15 ವರ್ಷ ಮೊದಲೇ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿದ್ದರಲ್ಲ, ಇದನ್ನು ಪಾಠ ಮಾಡುವಾಗ ಪ್ರತಿ ವರ್ಷ ನನಗೆ ರೋಮಾಂಚನವಾಗುತ್ತದೆ.

(ಮೊಬೈಲ್ ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಪುಟ್ಟ ಮಗುವಿನ ಒಂದು ಕಣ್ಣಿನ ಪಾಪೆ ಮತ್ತೆ ಮತ್ತೆ ಬೆಳ್ಳಗೆ ಹೊಳೆದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಈ ಕಾಯಿಲೆ ಬೇಗ ಸಿಕ್ಕರೆ ಮಗು ಉಳಿಯುತ್ತದೆ.)

ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮತ್ತೆ ಜೀನ್ ಮಾತು ಯಾಕೆ?

ವಂಶದಿಂದ ಬರುವ ಕ್ಯಾನ್ಸರ್ ನೂರರಲ್ಲಿ ಐದರಿಂದ ಹತ್ತು ಮಾತ್ರ. ಉಳಿದವರಲ್ಲಿ ಜೀನ್ ಕೆಡುವುದು ಹುಟ್ಟಿದ ಮೇಲೆ, ಒಂದು ಜೀವಕೋಶದಲ್ಲಿ. ಅದು ಮಕ್ಕಳಿಗೆ ದಾಟುವುದಿಲ್ಲ. ಅಂಥ ದೋಷ ಹುಡುಕಲು ಮನೆತನ ನೋಡಿದರೆ ಪ್ರಯೋಜನವಿಲ್ಲ, ಗಡ್ಡೆಯನ್ನೇ ನೋಡಬೇಕು.

1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಒಂದು ಬಗೆಯ ರಕ್ತ ಕ್ಯಾನ್ಸರ್ ಇದ್ದವರ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಗಿಡ್ಡನೆಯ ವರ್ಣತಂತುವೊಂದು ಕಂಡಿತು. 1973ರಲ್ಲಿ ಜಾನೆಟ್ ರೌಲಿ ಅದು ತುಂಡಾಗಿ ಕಳೆದುಹೋಗಿದ್ದಲ್ಲ, 9 ಮತ್ತು 22ನೇ ವರ್ಣತಂತುಗಳು ತುದಿ ಅದಲುಬದಲು ಮಾಡಿಕೊಂಡಿವೆ ಅಂತ ಕಂಡುಹಿಡಿದರು. ಆ ಬೆಸುಗೆ ಬಿದ್ದ ಜಾಗದಲ್ಲಿ ಎರಡು ಜೀನ್ ಒಂದಾಗಿ, ನಿಲ್ಲಿಸಲು ಆಗದ ಎಂಜಿನ್ನಿನ ಹಾಗೆ ಓಡುತ್ತಿದ್ದವು.

ಇನ್ನೊಂದು ದಾರಿ ಇನ್ನೂ ಚೆಂದ. ಮನುಷ್ಯನ ಮೂತ್ರಕೋಶದ ಕ್ಯಾನ್ಸರ್ ಜೀವಕೋಶದಿಂದ ಡಿಎನ್‌ಎ ತೆಗೆದು, ತಟ್ಟೆಯಲ್ಲಿ ಬೆಳೆಸಿದ ಇಲಿಯ ಜೀವಕೋಶಗಳೊಳಗೆ ಸೇರಿಸಿದರು. ಆ ಇಲಿ ಜೀವಕೋಶಗಳು ಸಾಮಾನ್ಯವಾಗಿ ತಟ್ಟೆಯ ತಳದಲ್ಲಿ ಒಂದೇ ಪದರ ಹರಡಿ, ಪಕ್ಕದ್ದು ತಾಗಿದ ಕೂಡಲೇ ಬೆಳೆಯುವುದನ್ನು ನಿಲ್ಲಿಸುತ್ತವೆ. ಇಲ್ಲಿ ಕೆಲವು ಕಡೆ ಒಂದರ ಮೇಲೊಂದು ಹತ್ತಿ ಗುಪ್ಪೆ ಕಟ್ಟಿದವು. ಆ ಗುಪ್ಪೆಯೊಳಗೆ ಸೇರಿದ ಮನುಷ್ಯನ ಡಿಎನ್‌ಎ ತುಂಡು ಯಾವುದು ಅಂತ ಹುಡುಕಿದಾಗ ಸಿಕ್ಕಿದ್ದು 'ರಾಸ್' ಜೀನ್. 1982ರಲ್ಲಿ ರಾಬರ್ಟ್ ವೈನ್‌ಬರ್ಗ್ ಅವರದೂ ಸೇರಿ ಬೇರೆ ಬೇರೆ ತಂಡಗಳು, ಒಳ್ಳೆಯ ರಾಸ್‌ಗೂ ಕೆಟ್ಟ ರಾಸ್‌ಗೂ ಒಂದೇ ಒಂದು ಅಕ್ಷರದ ವ್ಯತ್ಯಾಸ ಅಂತ ತೋರಿಸಿದವು. ಸುಮಾರು 300 ಕೋಟಿ ಅಕ್ಷರದ ಬರಹದಲ್ಲಿ ಒಂದು ಅಕ್ಷರ!

ಈಗ ಮಷಿನ್ ಇದೆಯಲ್ಲ, ಗಡ್ಡೆಯ ಡಿಎನ್‌ಎ ಓದಿದರೆ ಜೀನ್ ತಾನಾಗೇ ಸಿಗುತ್ತದೆ ಅಲ್ವಾ?

ಓದುವುದು ಸುಲಭವಾಗಿದೆ, ನಿಜ. ಮನುಷ್ಯನ ಪೂರ್ತಿ ಡಿಎನ್‌ಎಯನ್ನು ಮೊದಲ ಸಲ ಓದುವ ಯೋಜನೆ 1990ರಿಂದ 2003ರವರೆಗೆ ನಡೆಯಿತು. ಈಗ ಅದು ಕೆಲವು ದಿನಗಳ ಕೆಲಸ. 2006ರಲ್ಲಿ ಅಮೆರಿಕದಲ್ಲಿ ಶುರುವಾದ ದೊಡ್ಡ ಯೋಜನೆಯೊಂದು 33 ಬಗೆಯ ಕ್ಯಾನ್ಸರ್‌ನ 11,000ಕ್ಕೂ ಹೆಚ್ಚು ರೋಗಿಗಳ ಗಡ್ಡೆಗಳನ್ನು ಓದಿತು. ಗಡ್ಡೆಯ ಜೊತೆ ಅದೇ ರೋಗಿಯ ರಕ್ತವನ್ನೋ ಒಳ್ಳೆಯ ಅಂಗಾಂಶವನ್ನೋ ಓದುತ್ತಾರೆ. ಎರಡರಲ್ಲೂ ಇರುವ ಬದಲಾವಣೆ ಹುಟ್ಟಿನಿಂದ ಬಂದದ್ದು. ಗಡ್ಡೆಯಲ್ಲಿ ಮಾತ್ರ ಇರುವುದು ಆಮೇಲೆ ಆಗಿದ್ದು.

ಕಷ್ಟ ಶುರುವಾಗುವುದು ಇಲ್ಲಿಂದ. ಬೀಡಿ ಸಿಗರೇಟು ಸೇದುವವರ ಶ್ವಾಸಕೋಶದ ಗಡ್ಡೆಯಲ್ಲಿ ಹತ್ತಾರು ಸಾವಿರ ಬದಲಾವಣೆ ಇರಬಹುದು. ಅದರಲ್ಲಿ ಕಾಯಿಲೆ ನಡೆಸುವವು ಬೆರಳೆಣಿಕೆಯಷ್ಟು. ಉಳಿದವು ಅದೇ ಬಸ್ಸಿನಲ್ಲಿ ಕೂತು ಬಂದ ಪ್ರಯಾಣಿಕರು. ವಿಜ್ಞಾನಿಗಳೂ ಅವಕ್ಕೆ ಚಾಲಕ, ಪ್ರಯಾಣಿಕ ಅಂತಲೇ ಹೆಸರಿಟ್ಟಿದ್ದಾರೆ.

ತುಂಬಾ ಜನರ ಗಡ್ಡೆಯಲ್ಲಿ ಒಂದೇ ಜೀನ್ ಕೆಟ್ಟಿದ್ದರೆ ಅದೇ ಚಾಲಕ ಅಂದುಬಿಡಬಹುದೇ? ಮೊದಮೊದಲು ಹಾಗೆ ಲೆಕ್ಕ ಹಾಕಿದಾಗ ವಿಚಿತ್ರ ಹೆಸರುಗಳು ಬಂದವು. ಸ್ನಾಯುವಿನ ದೊಡ್ಡ ಪ್ರೋಟೀನು ಟೈಟಿನ್ ಮಾಡುವ ಜೀನ್ ಪಟ್ಟಿಯ ಮೇಲ್ಗಡೆಯೇ ಇತ್ತು. ಮೂಗಿನಲ್ಲಿ ವಾಸನೆ ಹಿಡಿಯುವ ಜೀನ್‌ಗಳು ಶ್ವಾಸಕೋಶದ ಕ್ಯಾನ್ಸರ್ ಪಟ್ಟಿಗೆ ಬಂದವು. ಇದಕ್ಕೆ ನಮ್ಮ ರಂಪಣಿ ಬಲೆ ನೆನೆಸಿಕೊಳ್ಳಿ. ಎಳೆದ ಮೇಲೆ ದೊಡ್ಡ ಬಲೆಯಲ್ಲಿ ಕಸ ಜಾಸ್ತಿ ಇರುತ್ತದೆ, ಬಲೆ ದೊಡ್ಡದು ಅನ್ನುವ ಒಂದೇ ಕಾರಣಕ್ಕೆ. ಟೈಟಿನ್ ಪ್ರೋಟೀನಿನ ಬರಹವೇ ಒಂದು ಲಕ್ಷ ಅಕ್ಷರಕ್ಕಿಂತ ಉದ್ದ. ಅಷ್ಟು ಉದ್ದ ಇದ್ದಾಗ ತಪ್ಪೂ ಜಾಸ್ತಿ ಬೀಳುತ್ತದೆ. ವಾಸನೆಯ ಜೀನ್‌ಗಳ ಕಥೆ ಬೇರೆ. ಶ್ವಾಸಕೋಶದಲ್ಲಿ ಅವುಗಳಿಗೆ ಕೆಲಸವಿಲ್ಲ, ಜೀವಕೋಶ ಆ ಮೂಲೆಯನ್ನು ಅಷ್ಟಾಗಿ ದುರಸ್ತಿ ಮಾಡುವುದಿಲ್ಲ. ಹಾಗಾಗಿ ಅಲ್ಲಿ ತಪ್ಪು ಉಳಿದುಬಿಡುತ್ತದೆ. 2013ರಲ್ಲಿ ಈ ಎಲ್ಲವನ್ನೂ ಕಳೆದು ಲೆಕ್ಕ ಹಾಕುವ ವಿಧಾನ ಬಂದ ಮೇಲೆ ಪಟ್ಟಿ ಸ್ವಚ್ಛವಾಯಿತು.

ತಪ್ಪು ಬಿದ್ದ ಜಾಗವೂ ಸುಳಿವು ಕೊಡುತ್ತದೆ. 2002ರಲ್ಲಿ ಇಂಗ್ಲೆಂಡಿನ ತಂಡವೊಂದು ಚರ್ಮದ ಮೆಲನೋಮಾ ಗಡ್ಡೆಗಳಲ್ಲಿ ಬ್ರಾಫ್ ಜೀನ್ ನೋಡಿದಾಗ ರೋಗಿ ರೋಗಿಯಲ್ಲೂ ಹೆಚ್ಚಾಗಿ ಅದೇ ಒಂದು ಜಾಗ ಕೆಟ್ಟಿತ್ತು. ಅಷ್ಟು ಜನರಲ್ಲಿ ಒಂದೇ ಅಕ್ಷರ ಸುಮ್ನೆ ಕೆಡುವುದಿಲ್ಲ. ಎಂಜಿನ್ ಥರದ ಜೀನ್‌ಗಳು ಹೀಗೆ ಒಂದೇ ಜಾಗದಲ್ಲಿ ಕೆಡುತ್ತವೆ. ಹಗ್ಗದ ಥರದವು ಎಲ್ಲಿ ಬೇಕಾದರೂ ಕಡಿಯುತ್ತವೆ, ಯಾಕೆಂದರೆ ಹಗ್ಗ ಎಲ್ಲಿ ಕಡಿದರೂ ದೋಣಿ ಹೋಗುತ್ತದೆ.

ಅನುಮಾನ ಬಂದ ಮೇಲೆ ಖಾತ್ರಿ ಹೇಗೆ?

ಕೊಳೆ ಬಂದ ಅಡಿಕೆಯ ಮೇಲೆ ಬೂಷ್ಟು ಕಂಡ ಮಾತ್ರಕ್ಕೆ ಅದೇ ಕಾರಣ ಅನ್ನಲು ಬರುವುದಿಲ್ಲ, ಉದುರಿದ ಮೇಲೆ ಬೆಳೆದದ್ದೂ ಆಗಿರಬಹುದು. ಒಳ್ಳೆಯ ಕಾಯಿಗೆ ಅದನ್ನು ಹಚ್ಚಿ ಕೊಳೆಯುತ್ತದಾ ನೋಡಬೇಕು. ಇಲ್ಲೂ ಹಾಗೇ. ಕೆಟ್ಟ ಜೀನನ್ನು ಒಳ್ಳೆಯ ಜೀವಕೋಶಕ್ಕೆ ಸೇರಿಸುತ್ತಾರೆ, ಇಲಿಯಲ್ಲಿ ನೋಡುತ್ತಾರೆ. ಉಲ್ಟಾ ಕೂಡ ಮಾಡುತ್ತಾರೆ. ಗಡ್ಡೆಯ ಜೀವಕೋಶದಿಂದ ಆ ಜೀನನ್ನು ಕತ್ತರಿಸಿದರೆ ಬೆಳವಣಿಗೆ ನಿಲ್ಲುತ್ತದಾ? ಕ್ರಿಸ್ಪರ್ ಅನ್ನುವ ಕತ್ತರಿ ಬಂದ ಮೇಲೆ ನಮ್ಮ ಸುಮಾರು 20,000 ಜೀನ್‌ಗಳನ್ನು ಒಂದೊಂದು ಜೀವಕೋಶದಲ್ಲಿ ಒಂದೊಂದರಂತೆ ಕತ್ತರಿಸಿ, ಯಾವುದು ಹೋದರೆ ಕ್ಯಾನ್ಸರ್ ಜೀವಕೋಶ ಸಾಯುತ್ತದೆ ಅಂತ ಒಂದೇ ಪ್ರಯೋಗದಲ್ಲಿ ನೋಡಲು ಸಾಧ್ಯವಾಗಿದೆ. 2004ರಲ್ಲಿ ಒಂದು ಎಣಿಕೆಯ ಪ್ರಕಾರ ಕ್ಯಾನ್ಸರ್ ಜೀನ್‌ಗಳು 291. ಈಗ ಆ ಪಟ್ಟಿ 700 ದಾಟಿದೆ.

ನಾವು ಕವಳ (ಎಲೆ ಅಡಿಕೆ) ಹಾಕುವವರು. ಅಡಿಕೆಗೂ ಜೀನಿಗೂ ಸಂಬಂಧ ಇದೆಯಾ?

ಇದೆ. ಇದನ್ನು ಶಿರಸಿಯಲ್ಲಿ ಹೇಳುವುದು ಕಷ್ಟ. ನಮ್ಮ ಮನೆಯೂ ಅಡಿಕೆಯಿಂದಲೇ ನಡೆದದ್ದು, ನನ್ನ ಓದಿನ ಫೀಜು ಕಟ್ಟಿದ್ದು ಚಾಲಿ ಮಾರಿದ ದುಡ್ಡಿನಿಂದ. ಆದರೂ ಮುಚ್ಚಿಡುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ತಂಬಾಕು ಸೇರಿಸದ ಅಡಿಕೆ ಜಗಿದರೂ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಅಂತ ಖಚಿತವಾಗಿ ಹೇಳಿದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಜೀನ್‌ಗಳ ವಿಷಯದಲ್ಲಿ ಭಾರತದ ಕೆಲಸವೇ ಮುಖ್ಯ. ಕವಳ ಇಟ್ಟುಕೊಳ್ಳುವ ಜಾಗ ಯಾವುದು? ಕೆನ್ನೆಯ ಒಳಬದಿ, ಕೆಳಗಿನ ವಸಡು. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ ಬರುವುದೂ ಅಲ್ಲೇ. ಪಶ್ಚಿಮ ಬಂಗಾಳದ ಕಲ್ಯಾಣಿಯ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮ್ ಸಂಸ್ಥೆ ಮತ್ತು ನವಿ ಮುಂಬೈಯಲ್ಲಿರುವ ಟಾಟಾ ಮೆಮೋರಿಯಲ್‌ನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಜಾಗದ ಗಡ್ಡೆಗಳನ್ನು ಆರಿಸಿಕೊಂಡರು. ಮೊದಲು 50 ರೋಗಿಗಳಲ್ಲಿ ಹುಡುಕಿ, ಸಿಕ್ಕಿದ್ದು ನಿಜವಾ ಅಂತ ಇನ್ನೂ 60 ರೋಗಿಗಳಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಟಿಪಿ-53, ಕ್ಯಾಸ್ಪ್-8, ನಾಚ್-1 ಥರದವು ಬೇರೆ ದೇಶದವರ ತಲೆ ಕುತ್ತಿಗೆ ಕ್ಯಾನ್ಸರ್‌ಗಳಲ್ಲೂ ಕಂಡಿದ್ದವು. ಯುಎಸ್‌ಪಿ-9ಎಕ್ಸ್, ಆರಿಡ್-2 ಥರದ ಕೆಲವು ಮಾತ್ರ ಈ ಕ್ಯಾನ್ಸರ್‌ಗೇ ವಿಶೇಷವಾಗಿ ಕಂಡವು. ಹೊರದೇಶದ ಪಟ್ಟಿಯನ್ನೇ ನಂಬಿ ಕೂತಿದ್ದರೆ ಇವು ಕಾಣುತ್ತಿರಲಿಲ್ಲ. ನಮ್ಮವರ ಗಡ್ಡೆಯನ್ನು ನಮ್ಮ ದೇಶದಲ್ಲೇ ಓದಬೇಕು ಅಂತ ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಕವಳ ಹಾಕುವವರು ಕನ್ನಡಿ ಮುಂದೆ ನಿಂತು ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತದಾ ನೋಡಿ. ಬಾಯಿ ಅಷ್ಟು ತೆರೆಯದಿದ್ದರೆ, ಖಾರ ತಾಗಿದ ಕೂಡಲೇ ಉರಿದರೆ, ಬಿಳಿ ಇಲ್ಲವೇ ಕೆಂಪು ಮಚ್ಚೆ ಇದ್ದರೆ, ಎರಡು ಮೂರು ವಾರದಲ್ಲಿ ಹುಣ್ಣು ಮಾಯದಿದ್ದರೆ ದಂತ ವೈದ್ಯರ ಹತ್ತಿರ ಹೋಗಿ.

ಕೈಗಾ ಅಣುಸ್ಥಾವರದಿಂದ ಬಂದ ಕ್ಯಾನ್ಸರ್ ಅಂತ ಜೀನ್ ನೋಡಿ ಹೇಳಬಹುದಾ?

ಕಾರವಾರದ ಕಡೆ ಹೋದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಒಬ್ಬ ರೋಗಿಯ ಗಡ್ಡೆ ನೋಡಿ ಹಾಗೆ ಹೇಳಲು ಆಗುವುದಿಲ್ಲ. ತಂಬಾಕಿನ ಹೊಗೆ, ಬಿಸಿಲು ಇವು ಡಿಎನ್‌ಎ ಮೇಲೆ ತಮ್ಮದೇ ಬೆರಳಚ್ಚು ಬಿಡುತ್ತವೆ. ವಿಕಿರಣ ಹಾಗೆ ಸ್ಪಷ್ಟವಾಗಿ ಬಿಡುವುದಿಲ್ಲ. ಚೆರ್ನೋಬಿಲ್ ದುರಂತದ ಆಮೇಲೆ ಥೈರಾಯ್ಡ್ ಕ್ಯಾನ್ಸರ್ ಆದವರ ಗಡ್ಡೆಗಳನ್ನು ಓದಿದ ಅಧ್ಯಯನ 2021ರಲ್ಲಿ ಬಂತು. ವಿಕಿರಣ ಜಾಸ್ತಿ ತಾಗಿದವರಲ್ಲಿ ಡಿಎನ್‌ಎ ತುಂಡಾಗಿ ತಪ್ಪಾಗಿ ಜೋಡಿಕೊಂಡದ್ದು ಜಾಸ್ತಿ ಇತ್ತು. ಆದರೆ ವಿಕಿರಣದಿಂದಲೇ ಆಗಿದ್ದು ಅಂತ ತೋರಿಸುವ ಬೇರೆಯದೇ ಗುರುತು ಸಿಗಲಿಲ್ಲ. ಊರೂರಿಗೆ ಎಷ್ಟು ಜನರಿಗೆ, ಯಾವ ವಯಸ್ಸಿಗೆ, ಯಾವ ಕ್ಯಾನ್ಸರ್ ಬಂತು ಅಂತ ವರ್ಷ ವರ್ಷ ದಾಖಲೆ ಇಟ್ಟು, ದೂರದ ಊರುಗಳ ಜೊತೆ ಹೋಲಿಸಬೇಕು. ಉತ್ತರ ಸಿಗುವ ದಾರಿ ಅದೇ. ಅಂಥ ದಾಖಲೆ ಕೇಳುವ ಹಕ್ಕು ಜನರಿಗಿದೆ, ಕೇಳಲೇಬೇಕು.

ಜೀನ್ ಟೆಸ್ಟ್ ಮಾಡಿಸಿದರೆ ಮಗಳ ಮದುವೆಗೆ ತೊಂದರೆ. ಸುಮ್ನೆ ಇದ್ದರೆ ಒಳ್ಳೆಯದಲ್ವಾ?

ನಮ್ಮ ಮನೆಯಲ್ಲೂ ಇದೇ ಮಾತು ಬಂತು.

ಚಿಕ್ಕಮ್ಮನ ಎದುರು ಕೂತ ಆಪ್ತಸಲಹೆಗಾರ್ತಿ ಒಂದು ಬಿಳಿ ಹಾಳೆ ತೆಗೆದಳು. ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ. ಕ್ಯಾನ್ಸರ್ ಆದವರ ಗುರುತಿಗೆ ಪೆನ್ನಿನಿಂದ ಕಪ್ಪು ತುಂಬುತ್ತಾ ಹೋದಳು. "ನಿಮ್ಮ ದೊಡ್ಡಮ್ಮ ಹೇಗೆ ತೀರಿಕೊಂಡರು ಅಮ್ಮಾ?" ಅಂದಳು. "ಹೊಟ್ಟೇಲಿ ನೀರು ತುಂಬಿತ್ತು ಅಂತಿದ್ರು" ಅಂದಳು ಚಿಕ್ಕಮ್ಮ. ಪೆನ್ನು ನಿಂತಿತು. ಅಂಡಾಶಯದ ಕ್ಯಾನ್ಸರ್‌ನಲ್ಲೂ ಹಾಗೆ ನೀರು ತುಂಬುತ್ತದೆ. ಸೊನ್ನೆಯ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಬಿತ್ತು. ನಲವತ್ತು ವರ್ಷ ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ.

ಬಿಆರ್‌ಸಿಎ ಜೀನ್ ಕೆಟ್ಟಿರುವ ಹೆಂಗಸರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಜನರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುತ್ತದೆ. ಗೊತ್ತಿದ್ದರೆ ಚಿಕ್ಕ ವಯಸ್ಸಿನಿಂದಲೇ ಎಂಆರ್‌ಐ ತಪಾಸಣೆ ಮಾಡಿಸಬಹುದು, ಬೇಕಾದರೆ ಮಕ್ಕಳಾದ ಮೇಲೆ ಅಂಡಾಶಯ ತೆಗೆಸಬಹುದು. ಗೊತ್ತಿಲ್ಲದಿದ್ದರೆ ಗಡ್ಡೆ ಕೈಗೆ ಸಿಕ್ಕ ದಿನವೇ ಮೊದಲ ದಿನ. ಇದು ಅಪ್ಪನ ಕಡೆಯಿಂದಲೂ ಬರುತ್ತದೆ, ಗಂಡುಮಕ್ಕಳಿಗೂ ದಾಟುತ್ತದೆ. ಒಬ್ಬೊಬ್ಬ ಮಗುವಿಗೂ ಅರ್ಧಕ್ಕರ್ಧ ಸಂಭವ. ಹೆಣ್ಣಿನ ಮೇಲೆ ಕಳಂಕ ಹೊರಿಸುವುದು ಅನ್ಯಾಯ. ಅದಕ್ಕಿಂತ ಹೆಚ್ಚಾಗಿ, ಮುಚ್ಚಿಟ್ಟರೆ ಜೀವ ಹೋಗುತ್ತದೆ.

ಮೊದಲು ಯಾರ ಟೆಸ್ಟ್ ಮಾಡಿಸಬೇಕು?

ಕಾಯಿಲೆ ಆದವರದ್ದು. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ನೋಡಿದರೆ ಸಾಕು, ಖರ್ಚೂ ಕಡಿಮೆ. ವರದಿಯಲ್ಲಿ "ಅರ್ಥ ಖಚಿತವಿಲ್ಲದ ಬದಲಾವಣೆ" ಅಂತ ಬಂದರೆ ಹೆದರಬೇಡಿ, ಆಪರೇಷನ್ನಿಗೆ ಅವಸರವೂ ಬೇಡ. ಅದು ತೊಂದರೆಯದ್ದು ಅಂತ ಅರ್ಥವಲ್ಲ. ಭಾರತೀಯರಿಗೆ ಇಂಥ ಉತ್ತರ ಜಾಸ್ತಿ ಬರಲು ಕಾರಣ, ಹೋಲಿಸಲು ನಮ್ಮವರ ಡಿಎನ್‌ಎ ಕಡಿಮೆ ಇದ್ದದ್ದು. 2025ರ ಜನವರಿಯಲ್ಲಿ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಪೂರ್ತಿ ಡಿಎನ್‌ಎ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿದೆ.

ಜೀನ್ ಸಿಕ್ಕಿದ್ದರಿಂದ ರೋಗಿಗೆ ಏನು ಬಂತು?

9 ಮತ್ತು 22ರ ಬೆಸುಗೆ ಹೇಳಿದೆನಲ್ಲ, ಅದನ್ನೇ ಗುರಿ ಮಾಡಿದ ಮಾತ್ರೆ ಇಮ್ಯಾಟಿನಿಬ್‌ಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವೇ ವರ್ಷದಲ್ಲಿ ಸಾಯುತ್ತಿದ್ದವರು ಈಗ ದಿನಕ್ಕೊಂದು ಮಾತ್ರೆ ನುಂಗಿ ದಶಕಗಟ್ಟಲೆ ಬದುಕುತ್ತಾರೆ. 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ಈ ಔಷಧಕ್ಕೆ ಪೇಟೆಂಟ್ ಕೊಡಲು ಒಪ್ಪಲಿಲ್ಲ. ಹಾಗಾಗಿ ಭಾರತದಲ್ಲಿ ಕಡಿಮೆ ಬೆಲೆಯಲ್ಲೂ ಅದು ಸಿಗುತ್ತಿದೆ.

ಆಸ್ಪತ್ರೆಯಿಂದ 'ಬ್ಲಾಕ್' ತನ್ನಿ ಅಂದರು. ಅದು ಏನು? ಮನೆಯಲ್ಲಿ ಹೇಗೆ ಇಡಬೇಕು?

ಬಯಾಪ್ಸಿಯಲ್ಲೋ ಆಪರೇಷನ್ನಿನಲ್ಲೋ ತೆಗೆದ ತುಂಡನ್ನು ಮೇಣದಲ್ಲಿ ಹುದುಗಿಸಿ ಇಡುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಒಂದು ಬದಿ ಬಣ್ಣದ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ನಂಬರು. ಇನ್ನೊಂದು ಬದಿ ಬೆಳ್ಳಗಿನ ಮೇಣ, ನಡುವೆ ಕಡಲೆಬೇಳೆಯಷ್ಟೋ ಉಗುರಿನಷ್ಟೋ ಮಾಂಸದ ಚೂರು. ಅದರಿಂದ ಕೂದಲಿಗಿಂತ ತೆಳು ಪದರ ಕೊಯ್ದು ಸ್ಲೈಡ್ ಮಾಡುತ್ತಾರೆ, ಡಿಎನ್‌ಎ ತೆಗೆಯುತ್ತಾರೆ. ವರ್ಷಗಳ ನಂತರವೂ ಅದರಲ್ಲಿ ಜೀನ್ ಓದಬಹುದು.

ಚಿಕ್ಕಮ್ಮನಿಗೆ ಮೊದಲು ಬಯಾಪ್ಸಿ ಮಾಡಿದ ಆಸ್ಪತ್ರೆಯಲ್ಲಿ ನಾವು ಬ್ಲಾಕ್ ಕೇಳಿಯೇ ಇರಲಿಲ್ಲ. ಬೇಕಾದಾಗ ಹೋದರೆ ಸಿಗಲಿಲ್ಲ. ಅವಳು ಇನ್ನೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು. ಆ ದಿನ ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಹೊನ್ನಾವರದ ತನಕ ಮಾತಾಡಲಿಲ್ಲ. ಹಾಗಾಗಿ ಡಿಸ್ಚಾರ್ಜ್ ದಿನವೇ ಬ್ಲಾಕ್ ನಂಬರು ಬರೆದುಕೊಳ್ಳಿ, ಅದನ್ನು ಎಷ್ಟು ವರ್ಷ ಇಡುತ್ತಾರೆ ಅಂತ ಕೇಳಿ. ತಂದರೆ ಸಹಿ ಹಾಕಿ ತನ್ನಿ, ಬೇರೆ ಆಸ್ಪತ್ರೆಗೆ ಕೊಟ್ಟರೆ ರಸೀದಿ ತೆಗೆದುಕೊಳ್ಳಿ. ಮನೆಯಲ್ಲಿ ಪುಟ್ಟ ಡಬ್ಬಿಯಲ್ಲಿ ಹಾಕಿ, ಒಣಗಿದ ತಂಪು ಜಾಗದಲ್ಲಿ, ವರದಿಗಳ ಜೊತೆ ಇಟ್ಟರೆ ಸಾಕು. ಈ ಮೇಣ ಸಾಧಾರಣವಾಗಿ 56ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನ ಮುಂದಿನ ಗಾಜಿನ ಹತ್ತಿರ ಮಾತ್ರ ಇಡಬೇಡಿ.